ಗುಳೆ ಹೋದವರ ಮಗ ಯಾಕೆ ಹೀಗಾದ?

ಓದುಗರ ಪ್ರಶ್ನೆ

"ನಮ್ಮದು ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಅಕ್ಕನ ಮಗನಿಗೆ ಹತ್ತು ವರ್ಷ, ಐದನೇ ಕ್ಲಾಸ್. ಅಕ್ಕ-ಭಾವ ಮೂರು ವರ್ಷದಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗಿದ್ದಾರೆ. ಹುಡುಗನನ್ನು ನಮ್ಮವ್ವನ ಹತ್ತಿರ ಬಿಟ್ಟಿದ್ದಾರೆ. ನನ್ನ ಗಂಡನ ಮನೆಯೂ ಅದೇ ಊರಲ್ಲಿ, ಎರಡು ಓಣಿ ಆಚೆ. ಮೊದಲು ಬಹಳ ಚೂಟಿ ಹುಡುಗ. ಈಗ ಅವ್ವನ ಎಲೆ-ಅಡಿಕೆ ಸಂಚಿಯಿಂದ ದುಡ್ಡು ಕದಿಯುತ್ತಾನೆ. ಆ ದುಡ್ಡಲ್ಲಿ ಚಿಪ್ಸ್ ಪಾಕೀಟು ತಂದು ಬೇರೆ ಹುಡುಗರಿಗೆ ಹಂಚುತ್ತಾನೆ. ಹೋದ ತಿಂಗಳು ಶಾಲೆಯಲ್ಲಿ ಒಬ್ಬ ಹುಡುಗನ ಕೈ ಕಚ್ಚಿ ರಕ್ತ ಬರಿಸಿದ. ಕನ್ನಡ ಓದಲಿಕ್ಕೂ ತಡವರಿಸುತ್ತಾನೆ. ಸರ್ 'ಟಿಸಿ ತಗೊಂಡು ಹೋಗ್ರಿ' ಅಂದಿದ್ದಾರೆ. ಮೊಹರಂಗೆ ಬರ್ತೀವಿ ಅಂದ ಅಕ್ಕ-ಭಾವ ಬರಲಿಲ್ಲ. ಆಮೇಲಿಂದ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನೆ. ಓಣಿಯವರು ಗಾಳಿ ಸೋಕಿದೆ ಅಂತಾರೆ, ತಾಯತ ಕಟ್ಟಿಸಿದ್ದೇವೆ. ನಮ್ಮ ಮನೆಯವರು 'ನಾಲ್ಕು ಬಿಟ್ಟರೆ ಸರಿ ಹೋಗ್ತಾನೆ' ಅಂತಾರೆ. ಭಾವ ಕುಡಿಯುತ್ತಾರೆ, ಅದೇ ರಕ್ತ ಇವನಿಗೂ ಬಂದಿದೆಯಾ? ಹಾಸ್ಟೆಲ್‌ಗೆ ಹಾಕಿಬಿಡೋಣವಾ? ಊಟ-ಬಟ್ಟೆಗೆ ನಾವೇನೂ ಕಡಿಮೆ ಮಾಡಿಲ್ಲ."

ಉತ್ತರ

ತಂಗಿ, ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. "ಊಟ-ಬಟ್ಟೆಗೆ ನಾವೇನೂ ಕಡಿಮೆ ಮಾಡಿಲ್ಲ." ಮಕ್ಕಳ ಮನೋವೈದ್ಯನಾಗಿ ಬಳ್ಳಾರಿ, ರಾಯಚೂರು, ಕೊಪ್ಪಳದ ಮಕ್ಕಳನ್ನು ನೋಡುತ್ತಾ ಬಂದವನು ನಾನು. ಈ ಮಾತನ್ನು ನನ್ನ ಮುಂದೆ ಕೂತು ಎಷ್ಟೋ ಅಜ್ಜಿಯರು ಕಣ್ಣೊರೆಸಿಕೊಳ್ಳುತ್ತಾ ಹೇಳಿದ್ದಾರೆ. ಅದು ನಿಜ. ನಿಮ್ಮವ್ವ ಈ ವಯಸ್ಸಿನಲ್ಲೂ ರೊಟ್ಟಿ ಬಡಿದು ಹಾಕುತ್ತಿದ್ದಾರೆ. ನಿಮಗೆ ಆ ಹುಡುಗನ ಮೇಲೆ ಜೀವ ಇಲ್ಲದಿದ್ದರೆ ಇಷ್ಟು ಉದ್ದದ ಪತ್ರ ಬರೆಯುತ್ತಿರಲಿಲ್ಲ. ಹಾಗಾಗಿ ಮುಂದೆ ನಾನು ನಿರ್ಲಕ್ಷ್ಯ ಅನ್ನುವ ಪದ ಬಳಸಿದರೆ ಅದನ್ನು ಬೈಗುಳ ಅಂತ ತಗೋಬೇಡಿ. ವೈದ್ಯರು ರಕ್ತಹೀನತೆ ಅಂದ ಹಾಗೆ ಅದು. ಏನೋ ಕಡಿಮೆಯಾಗಿದೆ, ಅಷ್ಟೇ.

ಗಾಳಿಯಾ, ರಕ್ತವಾ, ಹೊಡೆದರೆ ಸರಿಹೋಗುತ್ತಾ, ಹಾಸ್ಟೆಲ್‌ಗೆ ಹಾಕೋಣವಾ ಅಂತ ಕೇಳಿದ್ದೀರಿ. ಈ ಎಲ್ಲ ಪ್ರಶ್ನೆಗಳ ಹಿಂದೆ ಇರುವುದು ಒಂದೇ ಭಯ: ಹುಡುಗ ಕೈತಪ್ಪಿ ಹೋದನಾ? ಇಲ್ಲ. ಹತ್ತು ವರ್ಷಕ್ಕೆ ಯಾವ ಮಗುವೂ ಕೈತಪ್ಪಿ ಹೋಗಿರುವುದಿಲ್ಲ. ಆದರೆ ಇದು ತಾನಾಗಿ ಸರಿಹೋಗುತ್ತದೆ ಅಂತ ಸುಮ್ನೆ ಬಿಡುವ ವಿಷಯವೂ ಅಲ್ಲ.

ನಿಮ್ಮ ಪತ್ರದಲ್ಲೇ ಎರಡು ಸುಳಿವು ಇವೆ. ಬಹುಶಃ ನೀವು ಗಮನಿಸಿಲ್ಲ.

ಒಂದು ಮೊಹರಂ. ಮುದಗಲ್ ಸುತ್ತಮುತ್ತಲ ಹಳ್ಳಿಗಳಿಗೆ ಆ ಹಬ್ಬ ಅಂದರೆ ಏನು ಅಂತ ನನಗೆ ಗೊತ್ತು. ಎಲ್ಲೆಲ್ಲೋ ಗುಳೆ ಹೋದವರು ಅವತ್ತು ಊರಿಗೆ ಬರುತ್ತಾರೆ. ಓಣಿಯ ಬೇರೆ ಹುಡುಗರ ಅಪ್ಪ-ಅವ್ವ ಬ್ಯಾಗು ಹೊತ್ತು ಬಸ್ಸಿಳಿದಿರುತ್ತಾರೆ. ಇವನು ಎಷ್ಟು ಬಸ್ಸಿಗೆ ಕಾದನೋ, ಯಾರಾದರೂ ಕೇಳಿದಿರಾ? ಅಲ್ಲಿಯವರೆಗೆ ಹಾಸಿಗೆ ಒಣಗಿತ್ತು, ಆಮೇಲೆ ಒದ್ದೆಯಾಗತೊಡಗಿತು. ಮೊದಲಿನಿಂದಲೂ ಒದ್ದೆ ಮಾಡುವ ಮಗುವಿನ ಕಥೆ ಬೇರೆ. ವರ್ಷಗಟ್ಟಲೆ ಸರಿಯಿದ್ದು ಮತ್ತೆ ಶುರುವಾದರೆ, ಮೊದಲು ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಮಲಬದ್ಧತೆ ಇದೆಯಾ ಅಂತ ನೋಡುತ್ತೇವೆ. ಅವು ಇಲ್ಲ ಅಂದರೆ, ಹೆಚ್ಚಾಗಿ ಮಗುವಿನ ಮನಸ್ಸಿಗೆ ಏನೋ ತಾಗಿರುತ್ತದೆ.

ಎರಡನೆಯದು ಚಿಪ್ಸ್. ಅವನು ಕದ್ದದ್ದನ್ನು ತಾನು ಬಚ್ಚಿಟ್ಟುಕೊಂಡು ತಿಂದಿಲ್ಲ, ಹಂಚಿದ್ದಾನೆ. ಇಪ್ಪತ್ತು ರೂಪಾಯಿ ಕೊಟ್ಟು ಒಂದು ಮಧ್ಯಾಹ್ನದ ಮಟ್ಟಿಗೆ ಗೆಳೆಯರನ್ನು ಸಂಪಾದಿಸಿದ್ದಾನೆ. ಕದ್ದದ್ದು ತಪ್ಪು, ಅದನ್ನು ತಿದ್ದಬೇಕು. ಆದರೆ ಇದು ಕಳ್ಳನ ಬುದ್ಧಿ ಅಲ್ಲ. ಒಂಟಿಯಾದ ಹುಡುಗನ ಬುದ್ಧಿ.

ಗಾಳಿಯ ಮಾತಿಗೆ ಬರೋಣ. ತಾಯತ ಕಟ್ಟಿದ್ದೀರಿ, ಇರಲಿ. ಅದರಿಂದ ನಿಮ್ಮವ್ವನಿಗೆ ಧೈರ್ಯ ಬಂದರೆ ನನ್ನ ತಕರಾರಿಲ್ಲ. ಆದರೆ ಅದಕ್ಕಿಂತ ಮುಂದೆ ಹೋಗಬೇಡಿ. ಮೆಣಸಿನಕಾಯಿ ಹೊಗೆ ಹಾಕಿಸಿಕೊಂಡು ಕಣ್ಣು, ಎದೆ ಉರಿಯುತ್ತಾ ಬಂದ ಮಕ್ಕಳನ್ನು ನೋಡಿದ್ದೇನೆ. ಬರೆ ಎಳೆಸಿಕೊಂಡು ಬಂದವರನ್ನೂ ನೋಡಿದ್ದೇನೆ. ಆ ಮಕ್ಕಳು ಆಮೇಲೆ ಮನೆಯವರನ್ನೇ ನಂಬುವುದಿಲ್ಲ. ಚಿಕಿತ್ಸೆ ಇನ್ನೂ ಉದ್ದವಾಗುತ್ತದೆ.

ಇನ್ನು ರಕ್ತ. ಕುಡಿತದ ಚಟಕ್ಕೆ ವಂಶದ ಪಾಲು ಸ್ವಲ್ಪ ಇದೆ, ಮುಚ್ಚಿಡುವುದಿಲ್ಲ. ಸಿಟ್ಟು ಬೇಗ ಬರುವ ಸ್ವಭಾವವೂ ಒಮ್ಮೊಮ್ಮೆ ಹುಟ್ಟಿನಿಂದಲೇ ಬರುತ್ತದೆ. ಆದರೆ ಅದು ಹಣೆಬರಹ ಅಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಃಶಾಸ್ತ್ರಜ್ಞೆ ಮತ್ತು ಜೊತೆಗಾರರು ಹತ್ತಾರು ವರ್ಷ ಗಮನಿಸುತ್ತಾ ಹೋದರು. ಅವರಲ್ಲಿ ಕೆಲವರ ಮನೆಯಲ್ಲಿ ಬಡತನ, ಜಗಳ, ತಂದೆ-ತಾಯಿಯ ಕುಡಿತ ಅಥವಾ ಮಾನಸಿಕ ಕಾಯಿಲೆ, ಇಂಥ ಹಲವು ತೊಂದರೆಗಳು ಒಟ್ಟಿಗೆ ಇದ್ದವು. ಆ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ನೆಟ್ಟಗೆ ಬೆಳೆದು, ದುಡಿದು, ಸಂಸಾರ ಮಾಡಿಕೊಂಡು ಹೋದರು. ಅವರಿಗೆ ಏನು ಆಸರೆಯಾಯಿತು ಅಂತ ಹುಡುಕಿದಾಗ ಮತ್ತೆ ಮತ್ತೆ ಕಂಡದ್ದು ಒಂದು: ಅವರನ್ನು ಬಿಟ್ಟುಕೊಡದ ಒಬ್ಬರಾದರೂ ದೊಡ್ಡವರು. ಅಪ್ಪ-ಅವ್ವನೇ ಆಗಿರಬೇಕಿರಲಿಲ್ಲ. ಅಜ್ಜಿ, ಚಿಕ್ಕಮ್ಮ, ಒಬ್ಬ ಶಿಕ್ಷಕಿ, ಹೀಗೆ. ಈ ಪಟ್ಟಿಯಲ್ಲಿ ನೀವೂ ಇದ್ದೀರಿ, ನಿಮ್ಮವ್ವನೂ ಇದ್ದಾರೆ, ನೋಡಿ.

ಹೊಡೆಯುವುದರ ಬಗ್ಗೆ. ನಿಮ್ಮ ಮನೆಯವರಿಗೆ ಹುಡುಗನ ಮೇಲೆ ದ್ವೇಷ ಇಲ್ಲ ಅಂತ ನನಗೆ ಗೊತ್ತು. ಅವರೂ ಹಾಗೇ ಬೆಳೆದಿರುತ್ತಾರೆ. ಆದರೆ ಈ ಹುಡುಗನ ದಿನ ಹೇಗಿದೆ ನೋಡಿ. ಬೆಳಿಗ್ಗೆ ಎದ್ದಾಗ ಹಾಸಿಗೆಗೆ ಬೈಗುಳ. ಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಾಗ ಯಾರೂ ಮಾತಾಡಿಸುವುದಿಲ್ಲ. ಕಚ್ಚಿದಾಗ ಮಾತ್ರ ಹೆಡ್‌ಮಾಸ್ಟರ್, ಸರ್, ನೀವು, ಅಜ್ಜಿ ಎಲ್ಲರೂ ಅವನ ಸುತ್ತ ಸೇರುತ್ತೀರಿ. ಬೆಂಗಳೂರಿನಿಂದ ಅವ್ವನ ಫೋನೂ ಬರುತ್ತದೆ. ಸುಮ್ಮನೆ ಕೂತರೆ ಯಾರೂ ತಿರುಗಿ ನೋಡುವುದಿಲ್ಲ, ತಪ್ಪು ಮಾಡಿದರೆ ಇಡೀ ಊರು ನೋಡುತ್ತದೆ. ಮಗು ಇದನ್ನು ಲೆಕ್ಕ ಹಾಕಿ ಮಾಡುವುದಿಲ್ಲ, ಮೈಗೆ ರೂಢಿಯಾಗಿಬಿಡುತ್ತದೆ. ಹೊಡೆತವೂ ಒಂದು ರೀತಿಯ ಗಮನವೇ. ಏನೂ ಸಿಗದ ಮಗು ಅದನ್ನೂ ತೆಗೆದುಕೊಳ್ಳುತ್ತದೆ.

"ಅಜ್ಜಿ ಮುದ್ದು ಮಾಡಿ ಕೆಡಿಸಿದಳು" ಅಂತಲೂ ಊರಲ್ಲಿ ಹೇಳುತ್ತಿರಬಹುದು. ಕೇಳಿದ್ದೆಲ್ಲ ಕೊಡಿಸಿದರೆ ಹಟ ಬೆಳೆಯುತ್ತದೆ, ನಿಜ. ಮಾತಾಡಿಸಿದರೆ, ಪಕ್ಕ ಕೂರಿಸಿಕೊಂಡರೆ, ತಲೆ ಸವರಿದರೆ ಯಾವ ಮಗುವೂ ಕೆಟ್ಟದ್ದನ್ನು ನಾನು ನೋಡಿಲ್ಲ.

ಊಟ-ಬಟ್ಟೆ ಇದ್ದರೂ ಏನು ಕಡಿಮೆಯಾಯಿತು ಅಂತ ನೀವು ಕೇಳಬಹುದು. ನಮ್ಮಲ್ಲಿ ಓಗೊಡುವುದು ಅನ್ನುವ ಒಳ್ಳೆಯ ಮಾತಿದೆ. ಕರೆದಾಗ "ಓ" ಅನ್ನುವುದು. ಕೂಸು ಕೈ ಚಾಚುತ್ತದೆ, ದೊಡ್ಡವರು ಓಗೊಡುತ್ತಾರೆ. ಐದು ವರ್ಷದ ಮಗು ಸತ್ತ ಚಿಟ್ಟೆ ತಂದು ತೋರಿಸುತ್ತದೆ, ಅವ್ವ ಒಂದು ಗಳಿಗೆ ನಿಂತು ನೋಡುತ್ತಾಳೆ. ದಿನಕ್ಕೆ ನೂರು ಸಲ ನಡೆಯುವ ಈ ಕೊಡು-ಕೊಳ್ಳುವಿಕೆಯಿಂದಲೇ ಮಗುವಿನ ಮಾತು, ಗಮನ, ಸಿಟ್ಟು ತಡೆದುಕೊಳ್ಳುವ ಶಕ್ತಿ ಬೆಳೆಯುತ್ತವೆ.

1970ರ ದಶಕದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಒಂದು ಸಣ್ಣ ಪ್ರಯೋಗ ಮಾಡಿದರು. ಕೂಸಿನ ಜೊತೆ ನಗುತ್ತಾ ಆಡುತ್ತಿದ್ದ ತಾಯಿ ಒಮ್ಮೆಗೇ ಮುಖವನ್ನು ಕಲ್ಲಿನ ಹಾಗೆ ಮಾಡಿಕೊಂಡು ಎರಡು-ಮೂರು ನಿಮಿಷ ಸುಮ್ಮನಿರಬೇಕು. ಕೂಸು ಮೊದಲು ನಗುತ್ತದೆ. ಕೈ ಆಡಿಸುತ್ತದೆ. ದನಿ ಏರಿಸುತ್ತದೆ. ಕೊನೆಗೆ ಮುಖ ತಿರುಗಿಸಿ ಸೋತು ಕೂರುತ್ತದೆ. ಬರೀ ಎರಡು-ಮೂರು ನಿಮಿಷಕ್ಕೆ ಇಷ್ಟು. ನಿಮ್ಮ ಹುಡುಗನ ಕಚ್ಚುವುದು, ಕದಿಯುವುದು ಆ ಕೂಸು ದನಿ ಏರಿಸಿದ ಹಾಗೆ. ಪುಸ್ತಕ ಮುಂದಿಟ್ಟರೂ ಎಲ್ಲೋ ನೋಡುತ್ತಾ ಕೂರುವ ಮಕ್ಕಳಿರುತ್ತಾರಲ್ಲ, ಅದು ಮುಖ ತಿರುಗಿಸಿದ ಹಾಗೆ.

ಇನ್ನೊಂದು ಅಧ್ಯಯನ ರೊಮೇನಿಯಾದ ಬುಖಾರೆಸ್ಟ್‌ನದು. 2000ದ ಹೊತ್ತಿಗೆ ಅಲ್ಲಿನ ಅನಾಥಾಲಯಗಳ 136 ಕೂಸುಗಳಲ್ಲಿ ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಮಕ್ಕಳನ್ನು ಆರಿಸಿ ಸಾಕು ಕುಟುಂಬಗಳಿಗೆ ಕೊಟ್ಟರು. ಅನಾಥಾಲಯದಲ್ಲಿ ಊಟ ಇತ್ತು, ಸೂರು ಇತ್ತು. ತನ್ನವರು ಅನ್ನುವ ಒಬ್ಬರು ಇರಲಿಲ್ಲ. ಅಲ್ಲೇ ಉಳಿದ ಮಕ್ಕಳು ಬುದ್ಧಿಶಕ್ತಿಯಲ್ಲಿ, ಮಾತಿನಲ್ಲಿ, ನಂಬಿಕೆಯಲ್ಲಿ ಹಿಂದೆ ಬಿದ್ದರು. ಕುಟುಂಬಕ್ಕೆ ಹೋದವರು, ಅದರಲ್ಲೂ ಎರಡು ವರ್ಷದ ಒಳಗೆ ಹೋದವರು, ಹೆಚ್ಚು ಚೇತರಿಸಿಕೊಂಡರು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ನಿಮ್ಮ ಹುಡುಗನಿಗೆ ಏಳು ವರ್ಷ ಅವ್ವನ ಮಡಿಲು ಸಿಕ್ಕಿದೆ. ಅವನ ಬುನಾದಿ ಗಟ್ಟಿಯಾಗಿದೆ. "ಮೊದಲು ಬಹಳ ಚೂಟಿ" ಅಂತ ನೀವೇ ಬರೆದಿದ್ದೀರಲ್ವಾ?

ನಿಮ್ಮ ಅಕ್ಕನನ್ನು ದೂರುವವರಿಗೂ ಒಂದು ಮಾತು. ಮಳೆ ನಂಬಿದ ಹೊಲ, ತಲೆ ಮೇಲೆ ಸಾಲ, ಮೇಸ್ತ್ರಿ ಕೊಟ್ಟ ಮುಂಗಡ. ಯಾರೂ ಖುಷಿಯಿಂದ ಮಗನನ್ನು ಬಿಟ್ಟು ಶೆಡ್ಡಿನಲ್ಲಿ ಮಲಗುವುದಿಲ್ಲ. ಬಡತನವೇ ನಿರ್ಲಕ್ಷ್ಯ ಅಲ್ಲ. ಕೂಲಿ ಮುಗಿಸಿ ಬಂದು ಒಲೆ ಮುಂದೆ ಮಗಳ ಮಾತೆಲ್ಲ ಕೇಳುವ ತಾಯಂದಿರಿದ್ದಾರೆ. ದೊಡ್ಡ ಬಂಗಲೆಯಲ್ಲಿ ಮೊಬೈಲ್ ಕೊಟ್ಟು ಕೋಣೆಗೆ ಕಳಿಸುವ ಮನೆಗಳಿಂದಲೂ ಮಕ್ಕಳು ನನ್ನ ಹತ್ತಿರ ಬರುತ್ತಾರೆ.

ಶಾಲೆಯ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅರ್ಧ ಗಂಟು ಅಲ್ಲಿದೆ. ನಾನು ಯಾವ ಮಗುವನ್ನು ನೋಡಿದರೂ ಮೊದಲು ನೋಟ್‌ಬುಕ್ ಕೇಳುತ್ತೇನೆ. ಹಿಂದೊಮ್ಮೆ ಇವನ ವಯಸ್ಸಿನ ಒಬ್ಬ ಹುಡುಗನ ಕನ್ನಡ ನೋಟ್‌ಬುಕ್ ತಿರುವಿದೆ. ಜೂನ್ ತಿಂಗಳಲ್ಲಿ ದುಂಡಗಿನ ಅಕ್ಷರ, ಪುಟದ ಕೆಳಗೆ ಕೆಂಪು ಶಾಯಿಯ ಸಹಿ. ಜುಲೈಯಲ್ಲಿ ಒಂದು ಸಹಿ. ಆಗಸ್ಟ್‌ನಿಂದ ಸಹಿ ಇಲ್ಲ. ಎರಡು ವಾರಕ್ಕೆ ಅಕ್ಷರ ಸೊಟ್ಟಗಾದವು. ಸೆಪ್ಟೆಂಬರ್‌ನಲ್ಲಿ ಬರೀ ಪಾಠದ ಹೆಸರು. ಅದರ ಮುಂದಿನ ಪುಟಗಳ ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಕಚ್ಚಿ ಹಾಕಿದ್ದ. ಶಿಕ್ಷಕರು ನೋಡುವುದನ್ನು ಬಿಟ್ಟ ಮೇಲೆ ಹುಡುಗ ಬರೆಯುವುದನ್ನು ಬಿಟ್ಟಿದ್ದ. ಆದರೆ ಶಾಲೆಯಿಂದ ಬಂದ ದೂರು "ಇವನು ಏನೂ ಬರೆಯೋದಿಲ್ಲ" ಅಂತ.

ಶಿಕ್ಷಕರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಒಬ್ಬರೇ ಎರಡು-ಮೂರು ತರಗತಿ ನೋಡಿಕೊಳ್ಳುವ ಶಾಲೆಗಳು ನಮ್ಮ ಕಡೆ ಇವೆ. ಅದರ ಮೇಲೆ ಸಮೀಕ್ಷೆ, ಚುನಾವಣೆ ಕೆಲಸ. ಒಂದರಿಂದ ಮೂರನೇ ತರಗತಿವರೆಗೆ ನಲಿ-ಕಲಿಯಲ್ಲಿ ಮಕ್ಕಳು ಗುಂಪಾಗಿ ಕೂತು, ಕಾರ್ಡು ಹಿಡಿದು ಕಲಿಯುತ್ತಾರೆ. ನಾಲ್ಕಕ್ಕೆ ಬಂದ ಕೂಡಲೇ ಸಾಲು, ಪಾಠ, ಟೆಸ್ಟು. ಇವನ ಅವ್ವ ಹೋದದ್ದು ಏಳು ವರ್ಷಕ್ಕೆ, ಅಂದರೆ ಅಕ್ಷರ ಕೂಡಿಸಿ ಓದುವುದನ್ನು ಗಟ್ಟಿ ಮಾಡಿಕೊಳ್ಳುವ ಹೊತ್ತಿಗೆ. ಮನಸ್ಸು ಸದಾ ಗಾಬರಿಯಲ್ಲಿದ್ದರೆ ಕಿವಿ ಪಾಠದ ಮೇಲೆ ನಿಲ್ಲುವುದಿಲ್ಲ. ಯಾರು ಬಂದರು, ಯಾರು ಹೋದರು, ಯಾರು ಬೈದಾರು ಅನ್ನುವುದರ ಮೇಲೇ ಇರುತ್ತದೆ. ಓದು ಹಿಂದೆ ಬಿತ್ತು. ಹಿಂದೆ ಬಿದ್ದವನು ಹಿಂದಿನ ಸಾಲಿಗೆ ಹೋದ. ಅಲ್ಲಿ ಓದಿಸುವವರಿಲ್ಲ. ಮನೆಯವರು ಶಾಲೆ ನೋಡಿಕೊಳ್ಳುತ್ತದೆ ಅಂದುಕೊಂಡಿರುತ್ತಾರೆ, ಶಾಲೆಯವರು ಮನೆಯವರೇ ಕೈಬಿಟ್ಟಿದ್ದಾರೆ ಅಂದುಕೊಂಡಿರುತ್ತಾರೆ. ನಡುವೆ ಹುಡುಗ ಯಾರ ಕಣ್ಣಿಗೂ ಬೀಳುವುದಿಲ್ಲ.

ನಿಜ ಹೇಳಬೇಕೆಂದರೆ, ಗಲಾಟೆ ಮಾಡುವ ಮಗುವಿನ ಬಗ್ಗೆ ಪತ್ರ ಬರೆಯಲು ಯಾರಾದರೂ ಇರುತ್ತಾರೆ. ನನಗೆ ಜಾಸ್ತಿ ಚಿಂತೆ ಸುಮ್ಮನಿರುವ ಮಕ್ಕಳದ್ದು. ಬಳ್ಳಾರಿಯಲ್ಲಿ ಎಷ್ಟೋ ಮನೆಗಳಲ್ಲಿ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುವ ಕೆಲಸ ನಡೆಯುತ್ತದೆ. ಅಂಥ ಮನೆಯ ಹನ್ನೆರಡು ವರ್ಷದ ಹುಡುಗಿಯನ್ನು ಹೊಟ್ಟೆನೋವು ಅಂತ ಕರೆತಂದಿದ್ದರು. ಸ್ಕ್ಯಾನಿಂಗ್, ರಕ್ತ ಎಲ್ಲ ಸರಿಯಿತ್ತು. ಬೆರಳ ತುದಿಗಳು ಬಣ್ಣ ಹತ್ತಿ ನೀಲಿಯಾಗಿದ್ದವು. ಶಾಲೆಯ ಪುಸ್ತಕದಲ್ಲಿ "ಬಹಳ ಶಾಂತ ಸ್ವಭಾವ" ಅಂತ ಬರೆದಿದ್ದರು. ಯಾರ ಹತ್ತಿರ ಜಾಸ್ತಿ ಮಾತಾಡ್ತೀಯಮ್ಮ ಅಂತ ಕೇಳಿದೆ. ಬಹಳ ಹೊತ್ತು ಯೋಚಿಸಿ "ತಮ್ಮನ ಹತ್ರ" ಅಂದಳು. ತಮ್ಮನಿಗೆ ಒಂದೂವರೆ ವರ್ಷ. ಆ ಹುಡುಗಿ ಕಚ್ಚಿರಲಿಲ್ಲ, ಕದ್ದಿರಲಿಲ್ಲ. ಆದ್ದರಿಂದಲೇ ಎರಡು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಇಂಥ ಮಗು ನಿಮ್ಮ ಓಣಿಯಲ್ಲೂ ಇರಬಹುದು.

ಈಗ ನಿಮ್ಮ ಹುಡುಗನಿಗೆ ಏನು ಮಾಡಬೇಕು? ಎಲ್ಲವನ್ನೂ ಮನಸ್ಸಿನ ಮೇಲೆ ಹಾಕುವ ಮುಂಚೆ ಮೈ ಪರೀಕ್ಷೆ ಆಗಲಿ. ಕಿವಿ ಸೋರುವ ಮಗು ಹಿಂದಿನ ಸಾಲಿನಲ್ಲಿ ಕೂತರೆ "ಮಾತು ಕೇಳದವನು" ಆಗಿಬಿಡುತ್ತಾನೆ. ಕಣ್ಣು ಮಂಜಾದವನು "ಓದು ಬರದವನು" ಆಗುತ್ತಾನೆ. ರಕ್ತ ಕಡಿಮೆ ಇದ್ದರೆ ತೂಕಡಿಕೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಇವನನ್ನು ನೋಡಿದ್ದಾರಾ ಅಂತ ಶಾಲೆಯಲ್ಲಿ ವಿಚಾರಿಸಿ. ಓದಿನ ತೊಂದರೆಗೆ ಕಲಿಕೆಯ ನ್ಯೂನತೆ ಅಥವಾ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಒಂದು ಕಡೆ ಕೂರಲಾಗದ ತೊಂದರೆ ಕೂಡ ಕಾರಣವಾಗಿರಬಹುದು. ನಿರ್ಲಕ್ಷ್ಯಕ್ಕೆ ಒಳಗಾದ ಮಗುವೂ ಎಡಿಎಚ್‌ಡಿ ಇರುವ ಮಗುವಿನ ಹಾಗೇ ಕಾಣುತ್ತದೆ, ಪತ್ರ ನೋಡಿ ಯಾರೂ ಹೇಳಲಾಗದು. ಎಡಿಎಚ್‌ಡಿ ಇದ್ದರೆ ಮಾತ್ರೆಯಿಂದ ಅನುಕೂಲ ಇದೆ. ಇಲ್ಲದ ಮಗುವಿಗೆ ಸುಮ್ಮನೆ ಮಾತ್ರೆ ನುಂಗಿಸಿದರೆ ಹಸಿವು ಸತ್ತು, ನಿದ್ದೆ ಕೆಟ್ಟು, ಮೂಲ ತೊಂದರೆ ಹಾಗೇ ಉಳಿಯುತ್ತದೆ.

ಇನ್ನೊಂದು ವಿಷಯ. ಬರೆಯುವುದು ಕಷ್ಟ, ಆದರೂ ಬರೆಯಲೇಬೇಕು. ಸರಿಯಿದ್ದ ಮಗು ಒಮ್ಮೆಗೇ ಹಾಸಿಗೆ ಒದ್ದೆ ಮಾಡತೊಡಗಿದರೆ, ಯಾರಾದರೂ ಮೈ ಮುಟ್ಟಿ ತೊಂದರೆ ಕೊಟ್ಟಿದ್ದಾರಾ ಅನ್ನುವ ಪ್ರಶ್ನೆಯನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಗಂಡುಮಕ್ಕಳಿಗೂ ಇದು ಆಗುತ್ತದೆ. ಪೊಲೀಸರ ಹಾಗೆ ವಿಚಾರಣೆ ಮಾಡಬೇಡಿ. ಅವನು ನಿಮ್ಮ ಹತ್ತಿರ ಹಗುರಾಗಿರುವ ಹೊತ್ತಲ್ಲಿ, "ನಿನಗೆ ಯಾರಾದರೂ ಹೆದರಿಕೆ ಆಗೋ ಹಾಗೆ ಮಾಡಿದರೆ ನನಗೆ ಹೇಳು, ನಾನು ನಿನ್ನ ಬೈಯೋದಿಲ್ಲ" ಅಂತ ಒಂದು ಮಾತು ಹೇಳಿಡಿ. ಏನಾದರೂ ಹೇಳಿದರೆ ನಂಬಿ. ಮುಚ್ಚಿಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆಯಲ್ಲಿ ಇಂಥದ್ದು ಗೊತ್ತಾದವರು ತಿಳಿಸಲೇಬೇಕು ಅಂತ ಇದೆ.

ದಾರಿಗಳನ್ನು ನೋಡೋಣ.

ಹಾಸ್ಟೆಲ್ ಅಂದರೆ ಈ ವರ್ಷ ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಳ್ಳೆಯ ವಸತಿ ಶಾಲೆಯಲ್ಲಿ ಚಿಗುರಿದ ಮಕ್ಕಳನ್ನು ಬಹಳ ನೋಡಿದ್ದೇನೆ. ಮೂರು ಹೊತ್ತು ಊಟ, ಹೊತ್ತಿಗೆ ಸರಿಯಾಗಿ ಓದು, ಜೊತೆಗೆ ಆಟ. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇರುತ್ತದೆ, ಓದು ಸುಧಾರಿಸಿದರೆ ಬರೆಸಿ. ಆದರೆ ಈಗಿನ ಸ್ಥಿತಿಯಲ್ಲಿ ಕಳಿಸಿದರೆ ಅವನಿಗೆ ಅರ್ಥವಾಗುವುದು ಒಂದೇ: ಮೊದಲು ಅವ್ವ ಬಿಟ್ಟಳು, ಈಗ ಅಜ್ಜಿಯೂ ಬಿಟ್ಟಳು. ಹಾಸಿಗೆ ಒದ್ದೆ ಮಾಡುವ ಹುಡುಗನಿಗೆ ಹಾಸ್ಟೆಲ್ ಕೋಣೆಯಲ್ಲಿ ಏನಾಗುತ್ತದೆ ಅಂತ ನಿಮಗೆ ವಿವರಿಸಿ ಹೇಳಬೇಕಿಲ್ಲ. ಮುಂದೆ ಕಳಿಸುವುದಾದರೆ ಹಾಸಿಗೆ ಒಣಗಲಿ, ಹೊಸ ವರ್ಷದ ಶುರುವಿಗೆ ಎಲ್ಲರ ಜೊತೆ ಹೋಗಲಿ, ಫೋನ್ ಮತ್ತು ಭೇಟಿಯ ದಿನ ಗಟ್ಟಿಯಾಗಿರಲಿ.

ಬೆಂಗಳೂರಿಗೆ ಕರೆಸಿಕೊಳ್ಳುವುದು ಇನ್ನೊಂದು ದಾರಿ. ಅವ್ವನ ಪಕ್ಕ ಮಲಗುತ್ತಾನೆ, ಅದು ದೊಡ್ಡ ಲಾಭ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಟಿಸಿ ತಡವಾಯಿತು ಅಂತ ಸರ್ಕಾರಿ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಆದರೆ ಕಟ್ಟಡ ಮುಗಿದ ಹಾಗೆ ಅವರ ಶೆಡ್ಡು ಬೇರೆ ಕಡೆ ಹೋಗುತ್ತದೆ, ಶಾಲೆ ಮತ್ತೆ ತಪ್ಪುತ್ತದೆ. ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಸೈಟಿನಲ್ಲಿ ಹುಡುಗ ಒಬ್ಬನೇ. ಹೊಂಡ, ಕರೆಂಟು, ಗುರುತಿಲ್ಲದ ಜನ. ಭಾವನ ಕುಡಿತ ಜೋರಾಗಿದ್ದರೆ ರಾತ್ರಿಗಳೂ ನೆಮ್ಮದಿ ಇರಲಿಕ್ಕಿಲ್ಲ. ಅಕ್ಕ ಒಬ್ಬಳೇ ಊರಿಗೆ ವಾಪಸ್ ಬರುವುದು ಮಗುವಿನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು. ಮುಂಗಡ ತೀರದೆ ಅದು ಆಗುತ್ತಾ ಅನ್ನುವುದನ್ನು ನೀವೇ ಕೂತು ಲೆಕ್ಕ ಹಾಕಬೇಕು. ದೂರದಲ್ಲಿ ಕೂತು "ಬಾ" ಅನ್ನುವುದು ನನಗೆ ಸುಲಭ.

ನಾನು ಮೊದಲು ಹಿಡಿಯುವ ದಾರಿ ಬೇರೆ. ಹುಡುಗ ಅಜ್ಜಿ ಮನೆಯಲ್ಲೇ ಇರಲಿ. ದಿನಕ್ಕೆ ಒಂದು ಹೊತ್ತು ನೀವು ಅವನವರಾಗಿ. ಇದರಲ್ಲೂ ತೊಂದರೆ ಇದೆ. ನಿಮಗೆ ನಿಮ್ಮ ಸಂಸಾರ ಇದೆ, ಅವ್ವನಿಗೆ ವಯಸ್ಸಾಗಿದೆ. ಶುರು ಮಾಡಿ ಒಂದು ತಿಂಗಳಿಗೆ ಬಿಟ್ಟರೆ ಅವನಿಗೆ ಅದು ಇನ್ನೊಂದು ಮೊಹರಂ. ಆದ್ದರಿಂದ ನಿಮ್ಮ ಕೈಲಾಗುವಷ್ಟೇ ಒಪ್ಪಿಕೊಳ್ಳಿ. ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ, ಒಂದೇ ಹೊತ್ತಿಗೆ. ಆಗ ಬುದ್ಧಿ ಹೇಳಬೇಡಿ, ಓದು ಅನ್ನಬೇಡಿ. ರೊಟ್ಟಿ ಬಡಿಯುವಾಗ ಪಕ್ಕ ಕೂರಿಸಿಕೊಳ್ಳಿ, ಶೇಂಗಾ ಬಿಡಿಸಿ, ಅವನು ಹೇಳಿದ್ದಕ್ಕೆ "ಹೌದಾ, ಆಮೇಲೆ?" ಅನ್ನಿ. ಮೊದಲ ಎರಡು-ಮೂರು ವಾರ ಅವನ ಹಾವಳಿ ಜಾಸ್ತಿಯಾಗಬಹುದು. ಚಿಗವ್ವನೂ ಬಿಟ್ಟು ಹೋಗ್ತಾಳಾ ಅಂತ ಪರೀಕ್ಷೆ ಮಾಡುತ್ತಾನೆ. ಎಷ್ಟೋ ಮನೆಯವರು ಅಲ್ಲೇ ಸೋತು ಕೈಬಿಡುತ್ತಾರೆ. ನೀವು ಬಿಡಬೇಡಿ.

ಇವತ್ತೇ ಒಂದು ವಿಷಯ ನೋಡಿ. ಒದ್ದೆಯಾದ ಕೌದಿಯನ್ನು ನಿಮ್ಮವ್ವ ಎಲ್ಲಿ ಒಣಗಿಸುತ್ತಾರೆ? ಮನೆ ಮುಂದಿನ ಕಟ್ಟೆಯ ಮೇಲಾ? ಹಾಗಿದ್ದರೆ ಶಾಲೆಗೆ ಹೋಗುವ ಹುಡುಗರೆಲ್ಲ ಅದನ್ನು ದಿನಾ ನೋಡುತ್ತಾರೆ. ಅವನು ಕಚ್ಚುವ ಮುಂಚೆ, ಕಚ್ಚಿಸಿಕೊಂಡ ಆ ಹುಡುಗ ಏನಂದ ಅಂತ ಯಾರಾದರೂ ಕೇಳಿದರಾ? ನಾನು ಪಣ ಕಟ್ಟಿ ಹೇಳಲಾರೆ, ಆದರೆ ವಿಚಾರಿಸಿ ನೋಡಿ. ಕೌದಿ ಹಿತ್ತಲಲ್ಲಿ ಒಣಗಲಿ. ಸಂಜೆ ಮೇಲೆ ಚಹಾ ಬೇಡ. ಮಲಗುವ ಮುಂಚೆ ಮೂತ್ರಕ್ಕೆ ಹೋಗಿ ಬರಲಿ. ಬೆಳಿಗ್ಗೆ ಬೈಯದೆ, ಬಟ್ಟೆ ಬದಲಿಸಿಕೊಂಡು ಹಾಸಿಗೆ ಎತ್ತಿಡುವುದನ್ನು ಅವನಿಗೇ ಕಲಿಸಿ. ಕಳ್ಳ ಅನ್ನುವ ಪದ ಮನೆಯಲ್ಲಿ ಬಳಸಬೇಡಿ. ಸಂಚಿ ಅವನ ಕೈಗೆ ಸಿಗದ ಕಡೆ ಇರಲಿ, ಕದ್ದ ದುಡ್ಡಿಗೆ ಬದಲು ಅಜ್ಜಿಗೆ ನೀರು ತಂದುಕೊಡುವಂಥ ಕೆಲಸ ಮಾಡಲಿ, ವಾರಕ್ಕೆ ಹತ್ತು ರೂಪಾಯಿ ಅವನದೇ ಅಂತ ಕೈಗೆ ಕೊಡಿ.

ಅಕ್ಕನಿಗೆ ಹೇಳಿ, ಫೋನ್ ಮಾಡಿದಾಗ "ಗಲಾಟೆ ಮಾಡಬ್ಯಾಡ, ಓದು" ಅನ್ನುವುದರಿಂದ ಶುರು ಮಾಡಬೇಡ ಅಂತ. ಏನು ಉಂಡೆ, ಯಾರ ಜೊತೆ ಆಡಿದೆ ಅಂತ ಕೇಳಲಿ. ತನ್ನ ಸೈಟಿನ ಕಥೆ ಹೇಳಲಿ. ವಾರದಲ್ಲಿ ಎರಡು ದಿನ, ಗೊತ್ತಾದ ಹೊತ್ತಿಗೆ. ಮುಖ್ಯವಾಗಿ, ಟಿಕೆಟ್ ಕೈಯಲ್ಲಿ ಇಲ್ಲದೆ "ಬರ್ತೀನಿ" ಅನ್ನಬಾರದು. ಮೊಹರಂಗೆ ಯಾಕೆ ಬರಲಾಗಲಿಲ್ಲ ಅನ್ನುವುದನ್ನೂ ಅವನಿಗೆ ಅವಳೇ ಹೇಳಬೇಕು. ಇಷ್ಟು ದಿನ ಯಾರೂ ಹೇಳಿರಲಿಕ್ಕಿಲ್ಲ.

ಶಾಲೆಗೆ ಹೋದಾಗ ಜಗಳಕ್ಕೆ ನಿಲ್ಲಬೇಡಿ. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ, ಹೊಡೆಯುವಂತಿಲ್ಲ, ಅವಮಾನ ಮಾಡುವಂತಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 16 ಮತ್ತು 17ನೇ ಕಲಂನಲ್ಲಿದೆ. ಇದು ನಿಮಗೆ ಗೊತ್ತಿರಲಿ. ಹೇಳುವ ಪ್ರಸಂಗ ಬರದಿದ್ದರೆ ಒಳ್ಳೆಯದು. ಬಂದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯವರನ್ನು ಜೊತೆಗೆ ಕರೆದುಕೊಳ್ಳಿ. "ಸ್ವಲ್ಪ ನೋಡಿಕೊಳ್ಳಿ ಸರ್" ಅಂದರೆ ಯಾರಿಗೂ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಮೂರೇ ಕೇಳಿ. ಅವನು ಎರಡನೇ ಸಾಲಿನಲ್ಲಿ ಕೂರಲಿ. ಗಂಟೆ ಹೊಡೆಯುವುದೋ, ಹಾಜರಿ ಪುಸ್ತಕ ತರುವುದೋ ಒಂದು ಕೆಲಸ ಅವನದಾಗಲಿ. ಎರಡನೇ ತರಗತಿಯ ಪುಸ್ತಕದಿಂದ ದಿನಕ್ಕೆ ನಾಲ್ಕು ಸಾಲು ಓದಿಸಿ ಕೆಳಗೆ ಒಂದು ಸಹಿ ಹಾಕಲಿ. ಕ್ಲಾಸಿನ ಮುಂದೆ ಓದಿಸುವುದು ಬೇಡ, ಪಕ್ಕಕ್ಕೆ ಕರೆದು. ಮೂರು ನಿಮಿಷದ ಕೆಲಸ. ಹೀಗೆ ಕೇಳಿದಾಗ ಒಪ್ಪದ ಶಿಕ್ಷಕರನ್ನು ನಾನು ಕಂಡದ್ದು ಕಡಿಮೆ.

ಕೆಲವು ಲಕ್ಷಣ ಕಂಡರೆ ಮಾತ್ರ ಕಾಯಬೇಡಿ. ಸಾಯ್ತೀನಿ ಅನ್ನುವುದು, ಕೈ ಕುಯ್ದುಕೊಳ್ಳುವುದು, ಮನೆ ಬಿಟ್ಟು ಹೋಗುವುದು, ಮೂಕ ಪ್ರಾಣಿಗಳನ್ನು ಹಿಂಸಿಸುವುದು, ಬೆಂಕಿ ಹಚ್ಚುವುದು, ಮೂರ್ಛೆ ಬರುವುದು. ರಾತ್ರಿಯಾದರೂ 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, 24 ಗಂಟೆಯೂ ಇರುತ್ತಾರೆ, ದುಡ್ಡಿಲ್ಲ. ಅಷ್ಟು ತುರ್ತಿಲ್ಲದಿದ್ದರೂ ಒಮ್ಮೆ ಅವನನ್ನು ತೋರಿಸಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ವಿಚಾರಿಸಿಕೊಂಡು ಹೋಗಿ. ಇಲ್ಲವೆಂದರೆ ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ರಿಮ್ಸ್ ಇದೆ.

ಹೋಗುವಾಗ ಈ ವರ್ಷದ ಮತ್ತು ಹೋದ ವರ್ಷದ ಕನ್ನಡ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಎರಡು ವಾರ ಯಾವ ಯಾವ ರಾತ್ರಿ ಹಾಸಿಗೆ ಒದ್ದೆಯಾಯಿತು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಅದನ್ನೂ ಒಯ್ಯಿರಿ. "ಸೂಜಿ ಹಾಕಿಸ್ತೀನಿ" ಅಂತ ಹೆದರಿಸಿ ಕರೆದೊಯ್ಯಬೇಡಿ. "ನಿನಗೆ ರಾತ್ರಿ ತ್ರಾಸ ಆಗ್ತದಲ್ಲ, ಅದನ್ನ ಡಾಕ್ಟರಿಗೆ ಕೇಳೋಣ" ಅನ್ನಿ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅವನಿಗೆ ಬಿಡಿ. ಮೂರು ತಿಂಗಳಾದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ. ಅದರಲ್ಲಿ ಅವನು ಎಷ್ಟನೇ ಪಾಠದವರೆಗೆ ಓದುತ್ತಿದ್ದಾನೆ ಅನ್ನುವುದನ್ನೂ ಬರೆಯಿರಿ.